ಹಂಚಿನ ಕಾರ್ಖಾನೆಯ ಕೂಗು, ಕುಕ್ಕರಿನ ವಿಸಿಲ್

ಪ್ರಶ್ನೆ: ನಮಸ್ಕಾರ ಸರ್. ನಾನು ಕಾಪುವಿನವಳು, ಶಾಲೆಯಲ್ಲಿ ಟೀಚರ್. ನನ್ನ ಅಜ್ಜಿಯ ತವರು ಮಂಗಳೂರಿನ ಬೋಳಾರ. ಹಂಚಿನ ಕಾರ್ಖಾನೆಯ ಕೂಗು ಕೇಳಿದ ಮೇಲೆಯೇ ಅವರ ಮನೆಯಲ್ಲಿ ಗಂಜಿಗೆ ನೀರು ಇಡುತ್ತಿದ್ದರಂತೆ. "ಮೊದಲು ದಪ್ಪ ಸ್ವರ, ಆಮೇಲೆ ಸಪೂರ" ಅಂತ ಅಜ್ಜಿ ಈಗಲೂ ಕೂಗಿ ತೋರಿಸುತ್ತಾರೆ. ಕಳೆದ ತಿಂಗಳು ಬಂದರಿನ ಗುಜರಿ ಅಂಗಡಿಯಲ್ಲಿ ಒಂದು ಅಡಿ ಉದ್ದದ ಹಿತ್ತಾಳೆಯ ಹಳೇ ವಿಸಿಲ್ ಸಿಕ್ಕಿತು. ಅದನ್ನು ಕುಕ್ಕರಿಗೆ ಜೋಡಿಸಿ ಊದಿಸೋಣ ಅಂತ ಮಗನ ಹಟ. ಕುಕ್ಕರಿನ ವಿಸಿಲ್ಲೂ ಇದೂ ಒಂದೇನಾ? ಸ್ವರ ಯಾಕೆ ಹಾಗೆ ಬದಲಾಗುತ್ತಿತ್ತು? ಹಬೆಯ ಕಾಲ ಮುಗಿದೇ ಹೋಯಿತು ಅನ್ನುತ್ತಾರಲ್ಲ, ನಿಜವಾ?

ಉತ್ತರ: ಮೊದಲು ಮಗನ ವಿಷಯ ಮುಗಿಸೋಣ. ಬೇಡ ಮಾರಾಯ್ರೆ, ದಯವಿಟ್ಟು ಬೇಡ. ಇಂಥ ವಿಸಿಲ್ಲಿನ ಬುಡದಲ್ಲಿ ಸಾಮಾನ್ಯವಾಗಿ ಒಂದು ವಾಲ್ವ್ ಇರುತ್ತದೆ. ಸರಪಳಿ ಎಳೆದರೆ ತೆರೆಯುವಂಥದ್ದು. ಅದನ್ನು ಕುಕ್ಕರಿನ ಮುಚ್ಚಳದ ತೂತಿಗೆ ಕೂರಿಸಿದಿರಿ ಅಂತಿಟ್ಟುಕೊಳ್ಳಿ. ವಾಲ್ವ್ ಮುಚ್ಚಿದ್ದಷ್ಟು ಹೊತ್ತು ಹಬೆಗೆ ಹೊರಗೆ ಬರಲು ದಾರಿಯೇ ಇಲ್ಲ. ಉಳಿಯುವುದು ಮುಚ್ಚಳದ ಸೇಫ್ಟಿ ಪ್ಲಗ್ ಒಂದೇ. ಅದೊಂದನ್ನೇ ನಂಬಿ ಒಲೆ ಹಚ್ಚಬಾರದು. ಸರಿ, ವಾಲ್ವ್ ತೆರೆದೇ ಇಟ್ಟರೆ? ಆಗ ಅಪಾಯ ಕಡಿಮೆ, ಆದರೆ ಕೂಗೂ ಇಲ್ಲ. ಮನೆಯ ಗ್ಯಾಸ್ ಒಲೆ ಸೆಕೆಂಡಿಗೆ ಅರ್ಧ ಗ್ರಾಂ ಹಬೆ ಎಬ್ಬಿಸಿದರೆ ಅದೇ ಜಾಸ್ತಿ. ಒಂದು ಅಡಿಯ ವಿಸಿಲ್ಲಿಗೆ ಅದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದನ್ನು ಕೂಗಿಸಲು ಬೇರೆ ದಾರಿ ಉಂಟು, ಕೊನೆಗೆ ಹೇಳುತ್ತೇನೆ.

ಈಗ ನಿಮ್ಮ ಮೊದಲ ಪ್ರಶ್ನೆ. ಎರಡೂ ಒಂದೇ ಅಲ್ಲ. ನಿಮ್ಮ ಕೈಯಲ್ಲಿರುವುದು ಒಂದು ಜಾತಿಯ ಕೊಳಲು. ಕುಕ್ಕರಿನ ಮೇಲಿರುವುದು ಒಂದು ತೂಕದ ಕಲ್ಲು.

ವಿಸಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೇಲೆ ಕವುಚಿ ಹಾಕಿದ ಉದ್ದ ಲೋಟದಂಥ ಭಾಗ, ಕೆಳಗೆ ಬಟ್ಟಲಿನಂಥ ಭಾಗ. ಬಟ್ಟಲಿನ ಸುತ್ತ ಕೂದಲೆಳೆಗಿಂತ ಸ್ವಲ್ಪ ಅಗಲದ ಒಂದು ಸಂದು ಕಾಣುತ್ತದೆ. ಹಬೆ ಆ ಸಂದಿನಿಂದ ತೆಳು ಹಾಳೆಯ ಹಾಗೆ ಮೇಲಕ್ಕೆ ಚಿಮ್ಮಿ ಲೋಟದ ಅಂಚಿಗೆ ಬಡಿಯುತ್ತದೆ. ಒಮ್ಮೆ ಅಂಚಿನ ಒಳಗೆ ನುಗ್ಗುತ್ತದೆ, ಒಮ್ಮೆ ಹೊರಗೆ ಸರಿಯುತ್ತದೆ. ಸೆಕೆಂಡಿಗೆ ನೂರಾರು ಸಲ ಈ ಒಳಗೆ-ಹೊರಗೆ ನಡೆಯುತ್ತದೆ. ಲೋಟದ ಒಳಗಿರುವುದೆಲ್ಲ ಅದರ ಜೊತೆ ಅದುರಿ ಕೂಗು ಹುಟ್ಟುತ್ತದೆ. ಖಾಲಿ ಶೀಶೆಯ ಬಾಯಿಗೆ ಊದಿದರೆ ಬರುತ್ತದಲ್ಲ, ಅದೇ ಕತೆ. ಲೋಟ ಉದ್ದವಾದಷ್ಟು ಸ್ವರ ದಪ್ಪ, ಗಿಡ್ಡವಾದಷ್ಟು ಸಪೂರ.

ಕುಕ್ಕರಿನಲ್ಲಿ ಇಂಥ ಲೋಟವೂ ಇಲ್ಲ, ಅಂಚೂ ಇಲ್ಲ. ಒಂದು ಸಣ್ಣ ತೂತು, ಅದರ ಮೇಲೆ ಒಂದು ಭಾರ. ತೂತಿನ ಅಡ್ಡಳತೆ 3 ಮಿಲಿಮೀಟರ್ ಅಂತಿಟ್ಟುಕೊಂಡರೆ ಅದರ ವಿಸ್ತೀರ್ಣ 0.07 ಚದರ ಸೆಂಟಿಮೀಟರ್. ಕುಕ್ಕರ್ ಕೆಲಸ ಮಾಡುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಗುಣಿಸಿ ನೋಡಿ, 70 ಗ್ರಾಂ ಬಂತು. ಅಷ್ಟು ತೂಕ ಇಟ್ಟರೆ ಒತ್ತಡ ಆ ಮಟ್ಟ ಮುಟ್ಟುವವರೆಗೆ ತೂತು ಮುಚ್ಚಿರುತ್ತದೆ. ಆಮೇಲೆ ಭಾರ ಎದ್ದು ಒಂದಷ್ಟು ಹಬೆ ಉಗುಳಿ ಮತ್ತೆ ಕೂರುತ್ತದೆ. ಆ ಉಗುಳುವ ಸದ್ದಿಗೆ ನಾವು ವಿಸಿಲ್ ಅಂತ ಹೆಸರಿಟ್ಟಿದ್ದೇವೆ. ಒಂದು ಕಂಪನಿಯ ಕುಕ್ಕರಿಗೆ ಇನ್ನೊಂದರ ವಿಸಿಲ್ ಹಾಕಬೇಡಿ ಅನ್ನುವುದು ಬರೀ ವ್ಯಾಪಾರದ ಮಾತಲ್ಲ. ತೂತಿನ ಅಳತೆ ಬೇರೆಯಾದರೆ ತೂಕದ ಲೆಕ್ಕವೇ ತಪ್ಪುತ್ತದೆ.

ಈ ಉಪಾಯಕ್ಕೆ ಮುನ್ನೂರು ವರ್ಷ ದಾಟಿದೆ. 1679ರಲ್ಲಿ ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಎಲುಬನ್ನೂ ಮೆತ್ತಗೆ ಬೇಯಿಸುವ ಮುಚ್ಚಿದ ಪಾತ್ರೆಯೊಂದನ್ನು ತೋರಿಸಿದ. ಪಾತ್ರೆ ಒಡೆಯಬಾರದಲ್ಲ, ಅದಕ್ಕೆ ಭಾರ ತೂಗುವ ವಾಲ್ವ್ ಒಂದನ್ನು ಕೂರಿಸಿದ. ಇವತ್ತು ದೊಡ್ಡ ದೊಡ್ಡ ಬಾಯ್ಲರ್‌ಗಳ ನೆತ್ತಿಯ ಮೇಲಿರುವ ಸೇಫ್ಟಿ ವಾಲ್ವ್ ಇದರದ್ದೇ ಸಂತಾನ. ಅಂದರೆ ನಿಮ್ಮ ಕುಕ್ಕರಿನ ವಿಸಿಲ್ಲಿಗೆ ಸಂಬಂಧ ಹುಡುಕಬೇಕಾದರೆ ಕಾರ್ಖಾನೆಯ ಕೂಗಿನ ಕಡೆ ಅಲ್ಲ, ಸೇಫ್ಟಿ ವಾಲ್ವಿನ ಕಡೆ ಹುಡುಕಬೇಕು.

ಕೂಗಿನ ಹುಟ್ಟೂ ಭಯದಿಂದಲೇ ಆದದ್ದು. 1830ರ ದಶಕದಲ್ಲಿ ವೇಲ್ಸಿನ ಡೌಲೈಸ್ ಕಬ್ಬಿಣದ ಕಾರ್ಖಾನೆಯಲ್ಲಿ ಏಡ್ರಿಯನ್ ಸ್ಟೀಫನ್ಸ್ ಎಂಬಾತ ಹಬೆಯ ವಿಸಿಲ್ ಮಾಡಿದ್ದು ಕೆಲಸಗಾರರನ್ನು ಕರೆಯಲಿಕ್ಕಲ್ಲ. ಬಾಯ್ಲರಿನಲ್ಲಿ ನೀರು ಕಮ್ಮಿಯಾದರೆ ಅದು ತಾನಾಗಿ ಕೂಗಲಿ ಅಂತ. ಅದು ರೈಲಿಗೆ, ಹಡಗಿಗೆ ಬಂದದ್ದು, ಮಿಲ್ಲಿನಲ್ಲಿ ಗಡಿಯಾರದ ಬದಲಿಗೆ ನಿಂತದ್ದೆಲ್ಲ ಆಮೇಲೆ.

ನೀರು ಕಮ್ಮಿಯಾದರೆ ಅಷ್ಟು ಹೆದರಬೇಕಾ ಅಂತ ಕೇಳಬಹುದು. ಒಂದು ಘಟನೆ ಹೇಳುತ್ತೇನೆ. ನಾನು ಹಂಚಿನ ಕಾರ್ಖಾನೆ ಬಿಟ್ಟು ಕಾರ್ಕಳದ ಕಡೆಯ ಒಂದು ಅಕ್ಕಿ ಮಿಲ್ಲಿಗೆ ಸೇರಿದ ಹೊಸತು. ಹೆಸರು ಬೇಡ. ಬಾಯ್ಲರಿನ ಎದುರು ಗೇಜ್ ಗ್ಲಾಸ್ ಅಂತ ಒಂದು ಗಾಜಿನ ಕೊಳವೆ ಇರುತ್ತದೆ. ಒಳಗೆ ನೀರು ಎಲ್ಲಿಯವರೆಗಿದೆ ಅಂತ ಅದರಲ್ಲಿ ಕಾಣುತ್ತದೆ. ರಾತ್ರಿ ಪಾಳಿ. ಗ್ಲಾಸಿನಲ್ಲಿ ನೀರು ಸರಿಯಾಗಿ ಅರ್ಧಕ್ಕೆ ನಿಂತಿದೆ. ಹೆಲ್ಪರ್ ಹುಡುಗ ಉಮಿ ತಳ್ಳುತ್ತಿದ್ದಾನೆ. ನನಗೆ ಏನೋ ಸರಿ ಕಾಣಲಿಲ್ಲ. ಎರಡು ನಿಮಿಷ ನೋಡಿದ ಮೇಲೆ ಹೊಳೆಯಿತು, ನೀರು ಅಲುಗುತ್ತಿಲ್ಲ. ಉರಿಯುವ ಬಾಯ್ಲರಿನ ಗ್ಲಾಸಿನಲ್ಲಿ ನೀರು ಸುಮ್ನೆ ನಿಲ್ಲುವುದಿಲ್ಲ, ಸಣ್ಣಗೆ ನಡುಗುತ್ತಾ ಇರುತ್ತದೆ. ಕೆಳಗಿನ ಕಾಕ್ ತಿರುಗಿಸಿ ಗ್ಲಾಸ್ ಖಾಲಿ ಮಾಡಿ ಮತ್ತೆ ಮುಚ್ಚಿದೆ. ನೀರು ವಾಪಸ್ ಬರಲೇ ಇಲ್ಲ. ಕೊಳವೆಯ ದಾರಿ ಕಿಟ್ಟ ಕಟ್ಟಿ ಮುಚ್ಚಿತ್ತು. ಅಷ್ಟು ಹೊತ್ತು ನಾವು ನೋಡುತ್ತಿದ್ದದ್ದು ಯಾವಾಗಿನದೋ ಹಳೇ ನೀರು.

ಇಂಥ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ನೀರಿನ ಪಂಪಿನ ಕಡೆಗೆ. ಅದೇ ತಪ್ಪು. ನೀರು ಬಿಟ್ಟುಹೋದ ಕಬ್ಬಿಣ ಕೆಂಪಗೆ ಕಾದಿರುತ್ತದೆ. ಅದರ ಮೇಲೆ ತಣ್ಣೀರು ಬಿದ್ದರೆ ಒಂದೇ ಸಲಕ್ಕೆ ಹಬೆಯಾಗಿ ಎದ್ದೀತು, ಕಬ್ಬಿಣ ಬಿರಿದೀತು. ಒಂದು ಲೀಟರ್ ನೀರು ಹಬೆಯಾದರೆ ಹೊರಗಿನ ಗಾಳಿಯ ಒತ್ತಡದಲ್ಲಿ ಸುಮಾರು 1,700 ಲೀಟರ್ ಜಾಗ ಬೇಡುತ್ತದೆ. ಹುಡುಗನ ಕೈ ಹಿಡಿದು ನಿಲ್ಲಿಸಿ, ಇಬ್ಬರೂ ಸೇರಿ ಬೆಂಕಿ ಹೊರಗೆ ಎಳೆದೆವು. ಬೆಳಿಗ್ಗೆ ಧಣಿಗಳಿಂದ ಬೈಗುಳ ಸಿಕ್ಕಿತು, ಒಂದು ಪಾಳಿಯ ಭತ್ತ ಹಾಳಾಯಿತು ಅಂತ. ಬೈಯಲಿ. ಅವರು ಬೈಯಲಿಕ್ಕೆ, ನಾನು ಕೇಳಲಿಕ್ಕೆ ಇಬ್ಬರೂ ಉಳಿದಿದ್ದೆವು.

ಇದಕ್ಕೇ ನಮ್ಮಲ್ಲಿ 1923ರಲ್ಲೇ ಬಾಯ್ಲರಿಗೊಂದು ಕಾಯ್ದೆ ಬಂತು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ತಪಾಸಣೆಯ ಸರ್ಟಿಫಿಕೇಟ್ ಇಲ್ಲದೆ ಬಾಯ್ಲರ್ ಉರಿಸುವ ಹಾಗಿಲ್ಲ.

ಇನ್ನು ಅಜ್ಜಿಯ ಕೂಗಿಗೆ ಬರೋಣ. ನನಗೆ ನಿಮ್ಮ ಪತ್ರದಲ್ಲಿ ತುಂಬ ಇಷ್ಟವಾದ ಭಾಗ ಇದು. ಅಜ್ಜಿಯ ಕಿವಿ ಬಹಳ ಚುರುಕು.

ಮಂಗಳೂರಿನ ಹಂಚಿನ ಕತೆ ಶುರುವಾಗುವುದು 1865ರಲ್ಲಿ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ನೇತ್ರಾವತಿಯ ದಡದಲ್ಲಿ ಕಾರ್ಖಾನೆ ತೆರೆದ. ಜೇಡಿ ಮಣ್ಣು ಅಲ್ಲೇ, ದೋಣಿಗೆ ಹೊಳೆ ಅಲ್ಲೇ. ಮೊದಮೊದಲು ಮಣ್ಣು ಕಲಸಲು ಎತ್ತುಗಳು ಸುತ್ತು ಬರುತ್ತಿದ್ದವು, ಆಮೇಲೆ ಹಬೆಯ ಇಂಜಿನ್ ಬಂತು. ಹೊಳೆಯ ಬದಿಯಲ್ಲಿ ಒಂದರ ಪಕ್ಕ ಒಂದು ಚಿಮಣಿ ಎದ್ದವು. ನಾನು ಕೆಲಸ ಕಲಿತದ್ದೂ ಅಂಥದ್ದೇ ಒಂದು ಕಡೆ. ಬಾಯ್ಲರ್ ಹೇಗೂ ಉರಿಯುತ್ತಿತ್ತು, ಅದರ ಮೇಲೊಂದು ವಿಸಿಲ್ ಇಟ್ಟರೆ ಊರಿಗೆಲ್ಲ ಪುಕ್ಕಟೆ ಗಡಿಯಾರ. ಕೈಯಲ್ಲಿ ವಾಚ್ ಇದ್ದವರು ಆಗ ಎಷ್ಟು ಜನ?

ಬೆಳಗಿನ ಮೊದಲ ಕೂಗಿಗೆ ಸರಪಳಿ ಎಳೆಯುವ ಕೆಲಸ ನಂದು. ನಮ್ಮ ಮೇಸ್ತ್ರಿ "ತಲೆ ತಗ್ಗಿಸು" ಅನ್ನುತ್ತಿದ್ದರು. ಯಾಕೆಂದರೆ ಮೊದಲು ಬರುವುದು ಹಬೆಯಲ್ಲ, ಬಿಸಿನೀರು. ರಾತ್ರಿಯಿಡೀ ತಣ್ಣಗಿದ್ದ ಪೈಪಿಗೆ ಹಬೆ ತಾಗಿ ನೀರಾಗಿರುತ್ತದೆ. ಅದು ಕೆಮ್ಮಿದ ಹಾಗೆ ಹೊರಗೆ ಉಗುಳಿಕೊಂಡು ಬರುತ್ತದೆ. ಆಮೇಲೆ ಒಂದು ದಪ್ಪ ಸ್ವರ, ಅದು ಹಾಗೇ ಏರಿ ಸಪೂರವಾಗಿ ನಿಲ್ಲುತ್ತದೆ.

ಕಾರಣ ಏನೆಂದರೆ, ಮೊದಲ ಗಳಿಗೆಯಲ್ಲಿ ಆ ಕವುಚಿದ ಲೋಟದೊಳಗೆ ಇರುವುದು ಗಾಳಿ. ನಮ್ಮೂರ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಬಿಸಿ ಹಬೆಯಲ್ಲಿ ಸುಮಾರು 470 ಮೀಟರ್. ಹಬೆ ಗಾಳಿಗಿಂತ ಹಗುರ, ಬಿಸಿಯೂ ಜಾಸ್ತಿ, ಅದಕ್ಕೇ ಈ ಓಟ. ಲೋಟದ ಉದ್ದ 30 ಸೆಂಟಿಮೀಟರ್ ಇದ್ದರೆ ಗಾಳಿ ತುಂಬಿದಾಗ ಸೆಕೆಂಡಿಗೆ 290ರಷ್ಟು ಸಲ ಅದುರುತ್ತದೆ, ಹಬೆ ತುಂಬಿದ ಮೇಲೆ 390ರಷ್ಟು. ಸಂಗೀತ ಬಲ್ಲವರ ಲೆಕ್ಕದಲ್ಲಿ ಇದು ಷಡ್ಜದಿಂದ ಹೆಚ್ಚುಕಮ್ಮಿ ಶುದ್ಧ ಮಧ್ಯಮದವರೆಗಿನ ಏರಿಕೆ. ಕಾರ್ಖಾನೆಯಲ್ಲಿ ಲೋಟದೊಳಗೆ ಗಾಳಿ-ಹಬೆ ಕಲಸಿಕೊಂಡಿರುವುದರಿಂದ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ, ಆದರೂ ದಾರಿ ಅದೇ. ಅಜ್ಜಿ ಕೂಗಿ ತೋರಿಸುವಾಗ ಯಾರಾದರೂ ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಹಿಡಿದು ನೋಡಬೇಕು. ಮಧ್ಯಮದ ಹತ್ತಿರ ಹೋಗಿ ನಿಂತರೆ ನನಗೆ ಆಶ್ಚರ್ಯವಿಲ್ಲ.

ಇನ್ನೊಂದು ನೆನಪು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ದಕ್ಷಿಣದಿಂದ ನೇತ್ರಾವತಿ ಸೇತುವೆ ದಾಟಿ. ಹೊಳೆ ಬದಿಯಲ್ಲಿ ನಿಂತು ದೂರದ ಇಂಜಿನ್ ನೋಡುತ್ತಿದ್ದರೆ ಮೊದಲು ಬೆಳ್ಳಗಿನ ಒಂದು ಮುದ್ದೆ ಏಳುವುದು ಕಾಣುತ್ತಿತ್ತು. ಕೂಗು ಕೇಳುವುದು ಆಮೇಲೆ. ಒಂದು ಕಿಲೋಮೀಟರ್ ದೂರ ಇದ್ದರೆ ಮೂರು ಸೆಕೆಂಡ್. ಆ ಬೆಳ್ಳಗಿನದ್ದು ಹಬೆಯಲ್ಲ ಅಂದರೆ ಮಕ್ಕಳು ನಂಬುವುದಿಲ್ಲ. ಹಬೆ ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದು ಅದು ತಣಿದು ಆದ ನೀರಿನ ಹನಿ. ಕುಕ್ಕರಿನ ವಿಸಿಲ್ ಏಳುವಾಗ ದೂರದಿಂದ ಗಮನಿಸಿ, ಬುಡದಲ್ಲಿ ಬೆರಳಗಲ ಏನೂ ಇಲ್ಲದ ಹಾಗೆ ಕಾಣುತ್ತದೆ, ಬಿಳಿ ಶುರುವಾಗುವುದು ಅದರ ಮೇಲೆ. ಏನೂ ಇಲ್ಲದ ಹಾಗೆ ಕಾಣುವ ಜಾಗವೇ ಜೋರಾಗಿ ಸುಡುವುದು. ಹಬೆ ಚರ್ಮಕ್ಕೆ ತಾಗಿ ನೀರಾಗುವಾಗ ಗ್ರಾಂಗೆ 540 ಕ್ಯಾಲೊರಿ ಶಾಖ ಅಲ್ಲೇ ಬಿಟ್ಟುಬಿಡುತ್ತದೆ. 100 ಡಿಗ್ರಿಯ ನೀರು ಮೈಯ ಬಿಸಿಗೆ ಇಳಿಯುವಾಗ ಕೊಡುವುದು ಬರೀ 63. ನೆಗಡಿಯ ಮಕ್ಕಳಿಗೆ ಬಟ್ಟೆ ಹೊದೆಸಿ ಕುದಿಯುವ ಪಾತ್ರೆಯ ಮೇಲೆ ಬಗ್ಗಿಸುವುದು ನನಗೆ ಸುತಾರಾಂ ಹಿಡಿಸುವುದಿಲ್ಲ. ಪಾತ್ರೆ ಮಗುಚಿದರೆ ನೆಗಡಿಯ ನೆನಪೂ ಉಳಿಯುವುದಿಲ್ಲ.

ಹಬೆಯ ಕಾಲ ಮುಗಿಯಿತಾ ಅಂದಿರಿ. ಮುಗಿದದ್ದು ಕೂಗು. ಈಗ ರೈಲಿನ ಹಾರ್ನ್ ಊದುವುದು ಒತ್ತಿಟ್ಟ ಗಾಳಿಯಿಂದ. ಸೈರನ್ ಕರೆಂಟಿನಿಂದ. ಹಬೆ ಮಾತ್ರ ಬಾಯಿ ಮುಚ್ಚಿಕೊಂಡು ದುಡಿಯುತ್ತಾ ಇದೆ. ನೀವು ಕಾಪುವಿನವರು, ಪಡುಬಿದ್ರಿಯ ಹತ್ತಿರ ಎಲ್ಲೂರಿನ ವಿದ್ಯುತ್ ಸ್ಥಾವರದ ಚಿಮಣಿ ನಿಮಗೆ ಕಾಣದ ದಿನ ಇಲ್ಲ. ಅಲ್ಲಿ 600 ಮೆಗಾವಾಟಿನ ಎರಡು ಯಂತ್ರ. ಕಲ್ಲಿದ್ದಲು ಮಾಡುವ ಕೆಲಸ ನೀರು ಕುದಿಸುವುದಷ್ಟೇ, ಚಕ್ರ ತಿರುಗಿಸುವುದು ಹಬೆ. ಕೈಗಾದ ಅಣುಸ್ಥಾವರದಲ್ಲೂ ಕೊನೆಗೆ ಅದೇ. ಒಲೆ ಮಾತ್ರ ಬೇರೆ.

ಕುಚ್ಚಲಕ್ಕಿ ಇನ್ನೂ ಹತ್ತಿರದ ಉದಾಹರಣೆ. ಭತ್ತವನ್ನು ನೆನೆಸಿ, ಹಬೆ ಹಾಯಿಸಿ, ಒಣಗಿಸಿ ಆಮೇಲೆ ಮಿಲ್ ಮಾಡುತ್ತಾರೆ. ಹಬೆ ತಾಗಿದಾಗ ಕಾಳಿನ ಪಿಷ್ಟ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತದೆ, ಮಿಲ್ಲಿನಲ್ಲಿ ನುಚ್ಚಾಗುವುದು ಕಮ್ಮಿ. ತೌಡಿನ ಹತ್ತಿರದ ಬಿ ವಿಟಮಿನ್ ಕಾಳಿನ ಒಳಗೆ ಇಳಿಯುತ್ತದೆ. ಬಾಯ್ಲರಿಗೆ ಹಾಕುವ ಉಮಿ ಅದೇ ಭತ್ತದ್ದು, 100 ಕಿಲೋ ಭತ್ತದಲ್ಲಿ 20 ಕಿಲೋದಷ್ಟು ಉಮಿಯೇ ಇರುತ್ತದೆ. ಗೇರುಬೀಜದ ಕಾರ್ಖಾನೆಯಲ್ಲೂ ಒಡೆಯುವ ಮೊದಲು ಬೀಜಕ್ಕೆ ಹಬೆ ಕೊಡುತ್ತಾರೆ. ಸಿಪ್ಪೆಗೂ ತಿರುಳಿಗೂ ನಡುವೆ ಬಿಡುವು ಬರಲಿ ಅಂತ. ಆಸ್ಪತ್ರೆಯಲ್ಲಿ ಕತ್ತರಿ-ಚಿಮಟ ಶುದ್ಧ ಮಾಡುವ ಆಟೋಕ್ಲೇವ್ ಅಂದರೆ ದೊಡ್ಡ ಕುಕ್ಕರೇ, 121 ಡಿಗ್ರಿಯಲ್ಲಿ 15 ನಿಮಿಷ.

ಆಟೋಕ್ಲೇವಿನಿಂದ ಅಡುಗೆಮನೆ ಕಲಿಯಬೇಕಾದ್ದು ಒಂದಿದೆ. ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗದೆ ಅಲ್ಲಿ ಹೊತ್ತು ಎಣಿಸುವುದಿಲ್ಲ. ಗಾಳಿ ಸೇರಿದರೆ ಒತ್ತಡ ಕಂಡರೂ ಅಷ್ಟು ಬಿಸಿ ಇರುವುದಿಲ್ಲ. ನೀವೂ ಮುಚ್ಚಳದಿಂದ ಹಬೆ ನೆಟ್ಟಗೆ, ಬಿಡದೆ ಬರಲು ಶುರುವಾದ ಮೇಲೆ ವಿಸಿಲ್ ಕೂರಿಸಿ. ಎಲೆಯಲ್ಲಿ ಹಿಟ್ಟು ತುಂಬಿ ಹಬೆಯಲ್ಲಿ ಬೇಯಿಸುವ ಕೊಟ್ಟಿಗೆಯೋ ಮೂಡೆಯೋ ಇಡುವಾಗಲೂ ಹಾಗೆ. ನಮ್ಮಮ್ಮ ಅಟ್ಟಿನಳಗೆ ಎಂಬ ಹಬೆಪಾತ್ರೆಯ ನೀರು ಮರಳುವ ಸದ್ದು ಕೇಳದೆ ಒಂದು ಎಲೆಯನ್ನೂ ಒಳಗೆ ಇಡುತ್ತಿರಲಿಲ್ಲ. ತಣ್ಣಗಿನ ಹಿಟ್ಟಿಗೆ ಹಬೆ ತಾಗಿದ ಕೂಡಲೇ ನೀರಾಗಿ ತನ್ನ ಶಾಖವನ್ನೆಲ್ಲ ಅಲ್ಲೇ ಕೊಡುತ್ತದೆ, ನೂರು ಡಿಗ್ರಿ ದಾಟುವುದೂ ಇಲ್ಲ. ಹಲಸಿನ ಎಲೆ ಸುಡದೆ ಪರಿಮಳ ಮಾತ್ರ ಬಿಡುವುದು ಅದಕ್ಕೇ.

ವಿಸಿಲ್ ಎಣಿಸುವ ಅಭ್ಯಾಸದ ಬಗ್ಗೆ ಒಂದು ಮಾತು ಹೇಳದೆ ಬಿಡಲಾರೆ. ನೀವು ಕೇಳಿಲ್ಲ, ಆದರೂ. ಬೇಳೆಗೆ ಮೂರು, ಕಡಲೆಗೆ ಆರು ಅಂತ ಎಣಿಸುತ್ತಾರಲ್ಲ, ಅದು ಹೊತ್ತಿನ ಲೆಕ್ಕವೇ ಅಲ್ಲ. ಉರಿ ದೊಡ್ಡದಿದ್ದರೆ ಎರಡು ನಿಮಿಷಕ್ಕೆ ಮೂರು, ಸಣ್ಣದಿದ್ದರೆ ಹತ್ತು ನಿಮಿಷಕ್ಕೆ ಒಂದು. ಮೊದಲ ವಿಸಿಲ್ ಬಂದಾಗ ಒಳಗೆ ಸುಮಾರು 120 ಡಿಗ್ರಿ. ಹತ್ತನೇ ವಿಸಿಲ್ಲಿಗೂ ಅಷ್ಟೇ. ನಡುವೆ ಹಾರಿದ ಹಬೆಯೆಲ್ಲ ಗ್ಯಾಸಿಗೆ ಕೊಟ್ಟ ದಂಡ. ಮೊದಲ ವಿಸಿಲ್ ಆದ ಕೂಡಲೇ ಉರಿ ತಗ್ಗಿಸಿ ಗಡಿಯಾರ ನೋಡಿ. ನಮ್ಮ ಊರಿನ ಹೆಂಗಸರಿಗೆ ಇದು ಹೊಸತೂ ಅಲ್ಲ. ಕುಚ್ಚಲಕ್ಕಿಗೆ ಒಂದು ವಿಸಿಲ್ ಹಾಕಿ, ಒಲೆ ಆರಿಸಿ, ಬಾವಿಕಟ್ಟೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಅರ್ಧ ಬೆಂದಿರುತ್ತದೆ. ಅಕ್ಕಿಗೆ ಮಾತ್ರ ಈ ಬುದ್ಧಿ, ಬೇಳೆಗೆ ಯಾಕೋ ಇಲ್ಲ.

ಈಗ ನಿಮ್ಮ ಹಿತ್ತಾಳೆ ವಿಸಿಲ್. ಹುಣಸೆಹುಳಿ ಹಚ್ಚಿ ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಒರೆಸಿ. ಸುತ್ತಿನ ಸಂದಿನಲ್ಲಿ ಕೊಳೆ ಕೂತಿದ್ದರೆ ಪೋಸ್ಟ್‌ಕಾರ್ಡಿನ ಮೂಲೆ ತೂರಿಸಿ ತೆಗೆಯಿರಿ, ಬ್ಲೇಡ್ ಬೇಡ. ಲೋಟದ ಕೆಳ ಅಂಚಿಗೆ ಅರವನ್ನೋ ಮರಳು ಕಾಗದವನ್ನೋ ಖಂಡಿತ ತಾಗಿಸಬೇಡಿ, ಅಂಚು ಮೊಂಡಾದರೆ ಸ್ವರ ಹೋಯಿತು. ಹಳೇ ಸಾಮಾನಲ್ವಾ, ಎಲ್ಲಾದರೂ ಬಿರುಕು ಉಂಟಾ, ಸ್ಕ್ರೂ ಬಿಗಿಯಾಗಿ ಉಂಟಾ ಅಂತ ಒಮ್ಮೆ ಲೇತಿನವರಿಗೆ ತೋರಿಸಿ. ಆಮೇಲೆ ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರಿನ ಪೈಪ್ ಹಿಡಿಸಿ. ಗಾಳಿಯನ್ನು ಸಣ್ಣಗೆ ಶುರುಮಾಡಿ ಮೆಲ್ಲಗೆ ಏರಿಸಲಿಕ್ಕೆ ಹೇಳಿ, ಮಗನ ಕಿವಿಗೆ ಹತ್ತಿ ಇಡಿ, ಮುಖ ಹತ್ತಿರ ಬೇಡ. ಕೂಗುತ್ತದೆ. ಗಾಳಿಯಲ್ಲಿ ಕೂಗುವುದರಿಂದ ಅಜ್ಜಿ ಹೇಳುವ ಆ ದಪ್ಪ ಸ್ವರ ಮಾತ್ರ ಬಂದೀತು. ಸಪೂರಕ್ಕೆ ಏರುವ ಭಾಗವನ್ನು ಅಜ್ಜಿಯೇ ಪಕ್ಕದಲ್ಲಿ ನಿಂತು ಕೂಗಬೇಕು.